ಪಲ್ಪ್ ಫ್ಯಾಕ್ಟರಿಯ ಸಿಪ್ಪೆ ಬ್ರಾಯ್ಲರ್ ಕೋಳಿಗೆ ಹಾಕಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮೂರು ಕಲಬುರಗಿ ಜಿಲ್ಲೆಯ ಅಫಜಲಪುರ ಕಡೆ. ಹನ್ನೆರಡು ವರ್ಷದಿಂದ ಪುಣೆಯಲ್ಲಿದ್ದೇವೆ. ಸಾಸವಡ ಹತ್ತಿರ 1500 ಬ್ರಾಯ್ಲರ್ ಹಿಡಿಯುವ ಶೆಡ್ ಬಾಡಿಗೆಗೆ ತಗೊಂಡಿದ್ದೇನೆ. ಕಂಪನಿ ಕೋಳಿ ಅಲ್ಲ, ಮರಿ, ಫೀಡ್, ಔಷಧ ಎಲ್ಲ ನನ್ನದೇ ದುಡ್ಡು. ನಮ್ಮ ಭಾವ ಹಣ್ಣಿನ ಪಲ್ಪ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಬೇಸಿಗೆಯಲ್ಲಿ ಮಾವು, ಮಳೆಗಾಲದಲ್ಲಿ ಸೀತಾಫಲ, ಚಳಿಗಾಲದಲ್ಲಿ ಪೇರಲ. ದಿನಾ ಟೆಂಪೊಗಟ್ಟಲೆ ಸಿಪ್ಪೆ, ಬೀಜ, ಚರಟ ಹೊರಗೆ ಬೀಳುತ್ತದೆ. ಪುಕ್ಕಟೆ ಒಯ್ಯಿರಿ ಅಂತಾರೆ. ಫೀಡ್ ಮೂಟೆಯ ರೇಟು ನೋಡಿದರೆ ಎದೆ ಝಲ್ ಅನ್ನುತ್ತದೆ. ಈ ಸಿಪ್ಪೆ ಕೋಳಿಗೆ ಹಾಕಬಹುದಾ? ಎಷ್ಟು ಹಾಕಬೇಕು?

ಉತ್ತರ: ಬೇರೆ ಮಾತು ಆಮೇಲೆ. ಮೊದಲು ಸೀತಾಫಲದ ವಿಷಯ ಮುಗಿಸೋಣ. ಅದನ್ನು ಶೆಡ್ಡಿನೊಳಗೆ ತರಲೇಬೇಡಿ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ, ತಲೆಯ ಹೇನಿಗೆ ಸೀತಾಫಲದ ಬೀಜ ಅರೆದು ಹಚ್ಚುತ್ತಿದ್ದರು. ಕಣ್ಣಿಗೆ ಹೋದರೆ ಕಣ್ಣೇ ಕೆಡುತ್ತದೆ ಅಂತ ಮಕ್ಕಳನ್ನು ಹೆದರಿಸುತ್ತಿದ್ದರು. ಸುಮ್ನೆ ಹೆದರಿಸಿದ್ದಲ್ಲ. ಹೇನು ಸಾಯಿಸುವ ವಿಷ ಆ ಬೀಜದೊಳಗೇ ಇದೆ. ಇಡೀ ಬೀಜ ನುಂಗಿದರೆ ನಮ್ಮ ಹೊಟ್ಟೆಯಿಂದ ಹಾಗೇ ಹೊರಗೆ ಹೋಗುತ್ತದೆ. ಆದರೆ ಪಲ್ಪ್ ಯಂತ್ರದಲ್ಲಿ ಒಂದಿಷ್ಟು ಬೀಜ ಒಡೆದೇ ಒಡೆಯುತ್ತದೆ. ಜೊತೆಗೆ ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಗಟ್ಟಿ ಚೀಲ ಇದೆ, ಬೀಸುಕಲ್ಲು ಇದ್ದ ಹಾಗೆ. ಸಿಪ್ಪೆಯಿಂದ ಬೀಜ ಪೂರ್ತಿ ಆರಿಸುತ್ತೇನೆ ಅಂದರೆ ಆ ಕೂಲಿ ಯಾರು ಕೊಡುತ್ತಾರೆ? ಅದೂ ಸಾಲದು ಅಂತ ಸೀತಾಫಲ ಬರುವುದು ಮಳೆಯಲ್ಲಿ, ಒಣಗಿಸಲು ಬಿಸಿಲೂ ಇರುವುದಿಲ್ಲ.

ಇನ್ನು ಮಾವು, ಪೇರಲ. ಈ ಹಸಿ ಸಿಪ್ಪೆಯಲ್ಲಿ ಹತ್ತಿರ ಹತ್ತಿರ 80% ನೀರು. ಟೆಂಪೊದಲ್ಲಿ 500 ಕೆಜಿ ತಂದಿರಿ ಅನ್ನಿ. 400 ಕೆಜಿ ನೀರನ್ನೇ ಡೀಸೆಲ್ ಸುಟ್ಟು ಹೊತ್ತು ತಂದ ಹಾಗೆ. ಗಲಗಲ ಒಣಗಿಸಿ ಚೀಲಕ್ಕೆ ತುಂಬಿದರೆ ಉಳಿಯುವುದು 110 ಕೆಜಿ. ಒಣಗಿಸದೆ ಹಸಿಯಾಗೇ ಹಾಕಿದರೆ?

ಹಾಗೆ ಮಾಡಿದವರೊಬ್ಬರ ಶೆಡ್ಡಿಗೆ ಹೋಗಿದ್ದೆ, ಕೆಲಸಕ್ಕೆ ಸೇರಿದ ಹೊಸತು. ಸಂಜೆ ಫೀಡರ್ ತುಂಬ ಮಾವಿನ ಚರಟ ಹಾಕಿದ್ದರು. ಕೋಳಿಗಳು ಮುಗಿಬಿದ್ದು ತಿಂದವು, ಯಜಮಾನರಿಗೆ ಖುಷಿಯೋ ಖುಷಿ. ಮೂರನೇ ದಿನ ನನಗೆ ಫೋನ್ ಬಂತು. ಬಾಗಿಲು ತೆಗೆದ ಕೂಡಲೇ ಅಮೋನಿಯಾ ಘಾಟು, ಕಣ್ಣಲ್ಲಿ ನೀರು. ನೆಲಕ್ಕೆ ಹಾಕಿದ್ದ ಭತ್ತದ ಹೊಟ್ಟು ಮುಷ್ಟಿಯಲ್ಲಿ ಹಿಡಿದು ಅದುಮಿದೆ. ರಾಗಿಮುದ್ದೆ ಹಾಗೆ ಗಟ್ಟಿ ಉಂಡೆ ಆಯಿತು, ಕೈ ಬಿಟ್ಟರೂ ಒಡೆಯಲಿಲ್ಲ. ಒಳ್ಳೆಯ ಲಿಟರ್ ಕೈ ಬಿಟ್ಟ ಕೂಡಲೇ ಉದುರಬೇಕು. ಸತ್ತ ಒಂದು ಕೋಳಿಯ ಕೊರಳ ಚೀಲ ಕೊಯ್ದು ನೋಡಿದೆ. ಒಳಗೆ ಮಾವಿನ ನಾರು ಹಗ್ಗದ ಹಾಗೆ ಸುತ್ತಿಕೊಂಡಿತ್ತು, ಹುಳಿ ಹೆಂಡದ ವಾಸನೆ. ನೆಲ ಒದ್ದೆ ಆಗಿದ್ದೇ ನೆಪ, ವಾರದೊಳಗೆ ರಕ್ತಭೇದಿ ಬಂತು. ಕಾಕ್ಸಿಡಿಯಾ ಅನ್ನುವ ಆ ರೋಗಾಣುವಿಗೆ ಬೇಕಾದದ್ದೇ ತೇವ ಮತ್ತು ಬೆಚ್ಚಗಿನ ಜಾಗ.

ಬ್ರಾಯ್ಲರ್ ಅಂದರೆ ಅವಸರದ ಪ್ರಾಣಿ. 40 ಗ್ರಾಂ ಮರಿ ಆರು ವಾರದೊಳಗೆ ಎರಡು ಕೆಜಿ ಆಗಬೇಕು. ಅದರ ಹೊಟ್ಟೆ ಸಣ್ಣದು, ಅಗತ್ಯ ದೊಡ್ಡದು. ಅದಕ್ಕೇ ಫೀಡ್ ಮಾಡುವವರು ಮೆಕ್ಕೆಜೋಳ, ಸೋಯಾ ಹಿಂಡಿ, ಎಣ್ಣೆ ಹಾಕಿ ಕಡಿಮೆ ಜಾಗದಲ್ಲಿ ಜಾಸ್ತಿ ಶಕ್ತಿ ತುಂಬುತ್ತಾರೆ. ನಾರು 5% ಆಸುಪಾಸು ದಾಟದಂತೆ ನೋಡಿಕೊಳ್ಳುತ್ತಾರೆ. ಹಣ್ಣಿನ ಸಿಪ್ಪೆ ಇದಕ್ಕೆ ಪೂರಾ ಉಲ್ಟಾ. ನಾರು ಜಾಸ್ತಿ, ಪ್ರೋಟೀನ್ ಕಡಿಮೆ. ಜಾಮ್ ಗಟ್ಟಿ ಮಾಡುವ ಪೆಕ್ಟಿನ್ ಇದೆಯಲ್ಲ, ಅದು ಕರುಳಲ್ಲಿ ಅಂಟಂಟಾಗಿ ಬೇರೆ ಆಹಾರವನ್ನೂ ಸರಿಯಾಗಿ ಜೀರ್ಣ ಆಗಲು ಬಿಡುವುದಿಲ್ಲ. ಹಿಕ್ಕೆ ಅಂಟಾಗುವುದೂ ಇದರಿಂದಲೇ. ಒಗರು ಕೊಡುವ ಟ್ಯಾನಿನ್ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಸಿಪ್ಪೆ ನಿಮ್ಮ ಕೋಳಿಗೆ ಉಪ್ಪಿನಕಾಯಿ ಆಗಬಹುದು, ಅನ್ನ ಆಗುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಮೂರು ವಾರ ಕಳೆದ ಮೇಲೆ ಒಂದು ಕೋಳಿ ಸುಮಾರು ಎರಡು ಕೆಜಿ ಫಿನಿಷರ್, ಅಂದರೆ ಕೊನೆಯ ಹಂತದ ಫೀಡ್, ತಿನ್ನುತ್ತದೆ. 1500 ಕೋಳಿಗೆ 3000 ಕೆಜಿ. ಅದರಲ್ಲಿ 5% ಸಿಪ್ಪೆ ಪುಡಿ ಬೆರೆಸಿದಿರಿ ಅಂದರೆ ಉಳಿತಾಯ 150 ಕೆಜಿ ಫೀಡ್. ಕೊನೆಯ ವಾರ ಒಂದು ಕೋಳಿ ದಿನಕ್ಕೆ 180 ಗ್ರಾಂ ಹತ್ತಿರ ತಿನ್ನುತ್ತದೆ. ಲಾಟ್ ಪೂರ್ತಿಗೆ ದಿನಕ್ಕೆ 270 ಕೆಜಿ. ಸಿಪ್ಪೆಯಿಂದಾಗಿ ತೂಕ ಬರುವುದು ಒಂದೇ ಒಂದು ದಿನ ತಡವಾದರೂ ನೀವು ಉಳಿಸಿದ್ದಕ್ಕಿಂತ ಜಾಸ್ತಿ ಫೀಡ್ ಹೋಯಿತು. ಟೆಂಪೊ ಬಾಡಿಗೆ, ಒಣಗಿಸುವ ಕೂಲಿ, ಗಿರಣಿ ಖರ್ಚು ನಾನಿನ್ನೂ ಸೇರಿಸಿಲ್ಲ.

ಇಷ್ಟು ಹೇಳಿದ ಮೇಲೂ ಮಾಡಿ ನೋಡುತ್ತೇನೆ ಅನ್ನುವ ಆಸೆ ಇರುತ್ತದೆ. ನನಗೂ ಇತ್ತು. ಹಾಗಾದರೆ ಏಪ್ರಿಲ್, ಮೇ ತಿಂಗಳ ಮಾವಿನ ಸಿಪ್ಪೆಯಿಂದ ಶುರು ಮಾಡಿ. ಪುಣೆಯ ಆ ಬಿಸಿಲು ಪುಕ್ಕಟೆ ಡ್ರೈಯರ್ ಇದ್ದ ಹಾಗೆ. ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಬಿದ್ದ ಸಿಪ್ಪೆಯನ್ನು ಅದೇ ದಿನ ಮಧ್ಯಾಹ್ನದೊಳಗೆ ತಾಡಪತ್ರಿ ಮೇಲೆ ತೆಳ್ಳಗೆ ಹರಡಿ. ಒಂದು ಇಂಚಿಗಿಂತ ದಪ್ಪ ಬೇಡ. ದಿನಕ್ಕೆ ಮೂರು ನಾಲ್ಕು ಸಲ ಮಗುಚಿ, ರಾತ್ರಿ ಮುಚ್ಚಿ. ಮುರಿದರೆ ಹಪ್ಪಳದ ಹಾಗೆ ಪಟ್ ಅನ್ನಬೇಕು, ಬಾಗಿದರೆ ಇನ್ನೂ ಒಣಗಿಲ್ಲ. ನಿನ್ನೆ ಮೊನ್ನೆಯ ರಾಶಿಯಿಂದ ತಂದದ್ದು ಮಾತ್ರ ಬೇಡ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಬಿಟ್ಟಿರಬಹುದು. ಒಣಗಿಸಿದರೆ ಬೂಷ್ಟು ಸಾಯಬಹುದು, ವಿಷ ಹೋಗುವುದಿಲ್ಲ. ಕೋಳಿ ಫೀಡ್‌ನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷದ ಮಿತಿ ಒಂದು ಕೆಜಿಗೆ 20 ಮೈಕ್ರೊಗ್ರಾಂ ಅಂತ ಇಟ್ಟಿದ್ದಾರೆ. ಅದು ಲಿವರ್ ಕೆಡಿಸುವ ವಿಷ.

ಪುಡಿ ಮಾಡಿಸಿ, ಮೂರು ವಾರ ದಾಟಿದ ಕೋಳಿಗೆ ಮಾತ್ರ ಕೊಡಿ. ಮರಿಗಳಿಗೆ ಬೇಡವೇ ಬೇಡ. 100 ಕೆಜಿ ಫೀಡಿಗೆ 2 ಕೆಜಿಯಿಂದ ಶುರು. 5 ಕೆಜಿ ದಾಟಬೇಡಿ. ಮೂಟೆ ಫೀಡ್ ಮೇಲೆ ಹಾಗೇ ಉದುರಿಸಿದರೆ ಪ್ರೋಟೀನ್, ಶಕ್ತಿ ಎರಡೂ ಇಳಿಯುತ್ತವೆ. ಫೀಡ್ ನೀವೇ ಮಿಕ್ಸ್ ಮಾಡಿಸುವುದಾದರೆ ಸೋಯಾ, ಎಣ್ಣೆ ಸ್ವಲ್ಪ ಏರಿಸಿ ಸರಿತೂಗಿಸಬೇಕು. ಆ ಲೆಕ್ಕ ಫೀಡ್ ಗೊತ್ತಿರುವವರಿಂದ ಮಾಡಿಸಿ.

ಇಡೀ ಲಾಟ್ ಮೇಲೆ ಪ್ರಯೋಗ ಬೇಡ. ಶೆಡ್ಡಿನ ಒಂದು ಮೂಲೆಗೆ ಬಲೆ ಕಟ್ಟಿ ಎರಡು ಭಾಗ ಮಾಡಿ, ಒಂದರಲ್ಲಿ 100, ಇನ್ನೊಂದರಲ್ಲಿ 100. ಒಂದಕ್ಕೆ ಸಿಪ್ಪೆ ಬೆರೆಸಿದ್ದು, ಇನ್ನೊಂದಕ್ಕೆ ಮಾಮೂಲು. ವಾರಕ್ಕೊಮ್ಮೆ ಎರಡೂ ಕಡೆ 20 ಕೋಳಿ ತೂಗಿ, ತಿಂದ ಫೀಡ್ ಬರೆದಿಡಿ. ಎಫ್‌ಸಿಆರ್, ಅಂದರೆ ಒಂದು ಕೆಜಿ ತೂಕ ಬರಲು ಎಷ್ಟು ಕೆಜಿ ಫೀಡ್ ತಿಂತು ಅನ್ನುವ ಲೆಕ್ಕ, ತಾನೇ ಹೇಳುತ್ತದೆ, ನಾನು ಹೇಳಬೇಕಿಲ್ಲ.

ಮಾವಿನ ಗೊರಟೆ ಬೇರೆ ಕಥೆ. ಅದರ ಒಳಗಿನ ಬಿಳಿ ತಿರುಳಿನಲ್ಲಿ ಪಿಷ್ಟ, ಕೊಬ್ಬು ಚೆನ್ನಾಗಿದೆ. ಮೆಕ್ಕೆಜೋಳದ ಒಂದು ಪಾಲನ್ನು ತುಂಬಬಲ್ಲ ಏಕೈಕ ಭಾಗ ಅದು. ಆದರೆ ಹಸಿಯಾಗಿ ಕೊಟ್ಟರೆ ಟ್ಯಾನಿನ್‌ನಿಂದ ಬೆಳವಣಿಗೆ ಕುಂಟುತ್ತದೆ. ಒಡೆದು, ತಿರುಳು ತೆಗೆದು, ನೆನೆಸಿ, ಕುದಿಸಿ, ನೀರು ಚೆಲ್ಲಿ, ಒಣಗಿಸಬೇಕು. ಮನೆಯಲ್ಲಿ ನಾಲ್ಕು ಕೈ ಖಾಲಿ ಇದ್ದರೆ ಯೋಚಿಸಿ. ಪೇರಲ ಚರಟದಲ್ಲಿ ಬರೀ ಗಟ್ಟಿ ಬೀಜ, ನಾರು. ಬಿಟ್ಟುಬಿಡಿ.

ಲಾಭ ಏನೂ ಇಲ್ಲವಾ ಅಂದರೆ ಇದೆ. ದ್ರಾಕ್ಷಿ ಹಿಂಡಿ ಉಳಿದ ಚರಟ ಒಣಗಿಸಿ ಸ್ವಲ್ಪ ಬೆರೆಸಿದರೆ ಮಾಂಸದ ಕೊಬ್ಬು ಬೇಗ ಕಮಟುವುದಿಲ್ಲ ಅಂತ ಸಂಶೋಧನೆಗಳಲ್ಲಿ ಕಂಡಿದೆ. ಆದರೆ ಜೀವಂತ ಕೋಳಿ ಒಯ್ಯುವ ವ್ಯಾಪಾರಿ ನಿಮಗೆ ದುಡ್ಡು ಕೊಡುವುದು ತಕ್ಕಡಿ ನೋಡಿ ಅಲ್ವಾ?

ನನ್ನನ್ನು ಕೇಳಿದರೆ, ಮಾವಿನ ಸಿಪ್ಪೆ ಊರಿನ ಎಮ್ಮೆ ಸಾಕಿದವರಿಗೆ ಹೋಗಲಿ. ಕೋಳಿಯ ಕರುಳು ಸೋಲುವ ನಾರು, ಪೆಕ್ಟಿನ್ ಎಮ್ಮೆಯ ಹೊಟ್ಟೆಗೆ ಸಲೀಸು. ಒಣ ಮೇವಿನ ಜೊತೆ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿದರೆ ಆಯಿತು. ಬದಲಿಗೆ ನಿಮಗೆ ಹಾಲು ಸಿಕ್ಕಿದರೆ ಬೇಡ ಅನ್ನಬೇಡಿ.

ಪ್ರಶ್ನೆ: ಮುಂಬಯಿ ಚೆಂಬೂರಿನಲ್ಲಿ ನಮ್ಮದು ಜ್ಯೂಸ್ ಸೆಂಟರ್. ಊರು ಕುಂದಾಪುರ. ಕರ್ಜತ್ ಹತ್ತಿರ ತಮ್ಮ 40 ಗಿರಿರಾಜ ಕೋಳಿ ಸಾಕಿದ್ದಾನೆ, ಮಾಂಸಕ್ಕೆ. ಮೋಸಂಬಿ, ಅನಾನಸು, ಕಲ್ಲಂಗಡಿ ಸಿಪ್ಪೆ ಕಳಿಸಬಹುದೇ?

ಉತ್ತರ: ಗಿರಿರಾಜಕ್ಕೆ ಬ್ರಾಯ್ಲರ್‌ನ ಅವಸರ ಇಲ್ಲ. ಹಿತ್ತಲಲ್ಲಿ ಓಡಾಡಿ ಮೇಯಲಿ ಅಂತಲೇ ಬೆಂಗಳೂರಿನಲ್ಲಿ ಬೆಳೆಸಿದ ತಳಿ ಅದು. ಕಲ್ಲಂಗಡಿ, ಪಪ್ಪಾಯಿ ಸಿಪ್ಪೆ ಸಣ್ಣಗೆ ಹೆಚ್ಚಿ ಧಾರಾಳ ಕೊಡಲಿ. ಕಾಳು, ಫೀಡ್ ಮೊದಲು, ಹಣ್ಣು ಆಮೇಲೆ. ಮೋಸಂಬಿ ಸಿಪ್ಪೆಯ ಎಣ್ಣೆ ವಾಸನೆಗೆ ಅವು ಹತ್ತಿರ ಬರುವುದೇ ಕಡಿಮೆ. ಬೀಜದ ಕಹಿ ಅಂತೂ ಕೋಳಿಗೆ ಆಗಿಬರುವುದಿಲ್ಲ. ಅನಾನಸು ಸಿಪ್ಪೆ ಗೊಬ್ಬರದ ಗುಂಡಿಗೆ. ಸಂಜೆ ಉಳಿದದ್ದನ್ನು ಬಾಚಿ ತೆಗೆಯಬೇಕು, ಇಲ್ಲದಿದ್ದರೆ ನೊಣ, ಇಲಿ.

ನನಗೆ ಸಿಪ್ಪೆಗಿಂತ ನಿಮ್ಮ ಬಕೆಟ್ ಮೇಲೆ ಅನುಮಾನ. ಜ್ಯೂಸ್ ಅಂಗಡಿಯ ಬಕೆಟ್‌ನಲ್ಲಿ ಸ್ಟ್ರಾ, ಸೇಬಿನ ಸ್ಟಿಕ್ಕರ್, ರಬ್ಬರ್ ಬ್ಯಾಂಡ್, ಗಿರಾಕಿ ಬಿಟ್ಟ ಚಾಟ್ ಮಸಾಲೆ ಹಣ್ಣು ಎಲ್ಲ ಬೆರೆತಿರುತ್ತವೆ. ಕೋಳಿಗೆ ಉಪ್ಪು ಜಾಸ್ತಿ ಆದರೆ ಅದೂ ವಿಷವೇ. ಹಣ್ಣು ಹೆಚ್ಚುವ ಹುಡುಗನ ಪಕ್ಕ ಬೇರೆ ಬಕೆಟ್ ಇಡಿಸಿ, ಅದನ್ನು ಮಾತ್ರ ಕಳಿಸಿ.

ಪ್ರಶ್ನೆ: ಗೋವಾದ ಡಿಚೋಲಿಯಿಂದ. ಫೆನಿಗೆ ರಸ ತೆಗೆದು ಉಳಿದ ಗೇರುಹಣ್ಣಿನ ಚರಟ ಬ್ರಾಯ್ಲರ್‌ಗೆ ಆಗುತ್ತದಾ?

ಉತ್ತರ: ಮೇಲಿನ ಮಾವಿನ ನಿಯಮಗಳೇ ಇದಕ್ಕೂ. ಅದೇ ದಿನ ಒಣಗಿಸಬೇಕು, ಏಕೆಂದರೆ ಮಾರನೇ ದಿನಕ್ಕೆ ಅದು ಹುದುಗಿ ಹೆಂಡವಾಗುತ್ತದೆ. ಒಗರು ಜಾಸ್ತಿ, ಹಾಗಾಗಿ 2-3% ಸಾಕು. ಭಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ನೀರು ಕೊಡಬೇಡಿ. ಹಳೇ ಗೋವಾದ ಏಲಾದಲ್ಲಿ ಐಸಿಎಆರ್‌ನ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ) ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಸ್ಯಾಂಪಲ್ ಹಿಡಿದು ಹೋಗಿ ಮಾತಾಡಿ. ಚರಟದಲ್ಲಿ ಅಲ್ಲೊಂದು ಇಲ್ಲೊಂದು ಗೇರುಬೀಜ ಉಳಿದಿದ್ದರೆ ಆರಿಸಿ ತೆಗೆಯಿರಿ. ಅದರ ಸಿಪ್ಪೆಯ ಎಣ್ಣೆ ತಾಗಿದರೆ ನಮ್ಮ ಕೈ ಚರ್ಮವೇ ಸುಲಿಯುತ್ತದೆ.