ಮದ್ಯದ ಲೈಸೆನ್ಸ್ ಮಂಡಳಿಗೆ ನಮ್ಮ ಸಂಘದ ಅಧ್ಯಕ್ಷೆಯನ್ನು ನೇಮಿಸಲು ಬೆಂಬಲಿಸುವುದು ಹೇಗೆ?

ತುಮಕೂರಿನ ಹಳ್ಳಿಯೊಂದರಿಂದ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ: ಅಂಥ ಸ್ಥಳೀಯ ಮಂಡಳಿ ನಮ್ಮಲ್ಲಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಂಗಡಿ, ಬಾರ್‌ಗಳಿಗೆ ಲೈಸೆನ್ಸ್ ಕೊಡುವ ಅಧಿಕಾರ ಅಧಿಕಾರಿಗಳದ್ದು. ಜಿಲ್ಲೆಯಲ್ಲಿ ಮುಖ್ಯವಾಗಿ ಜಿಲ್ಲಾಧಿಕಾರಿ. ಊರಿನವರಿಗೆ ಅಲ್ಲಿ ಕುರ್ಚಿಯಿಲ್ಲ. ಇದು ನನಗೂ ಬೇಸರದ ವಿಷಯವೇ.

ಆದರೆ ನಿಮ್ಮ ಅಧ್ಯಕ್ಷೆಯ ಮಾತಿಗೆ ತೂಕ ಬರುವ ದಾರಿಯಿದೆ. 1967ರ ಅಬಕಾರಿ ಲೈಸೆನ್ಸ್ ನಿಯಮದ ಪ್ರಕಾರ ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಲೈಸೆನ್ಸ್ ಕೊಡುವಂತಿಲ್ಲ. ಈ ದೂರವನ್ನು ಜನ ನಡೆದುಹೋಗುವ ಹತ್ತಿರದ ದಾರಿಯಲ್ಲೇ ಅಳೆಯಬೇಕು. ಹಾಗಾಗಿ ಸುಮ್ನೆ ‘ಬೇಡ’ ಎಂದು ಸಹಿ ಹಾಕಿಸುವುದಕ್ಕಿಂತ, ಟೇಪು ಹಿಡಿದು ಅಳೆದು, ನಕ್ಷೆ ಬರೆದು, ಗ್ರಾಮಸಭೆಯ ನಿರ್ಣಯದ ಜೊತೆ ಅಧ್ಯಕ್ಷೆಯ ಮೂಲಕವೇ ಜಿಲ್ಲಾಧಿಕಾರಿಗೆ ಆಕ್ಷೇಪಣೆ ಕೊಡಿಸಿ. ಸ್ವೀಕೃತಿ ಪಡೆಯಲು ಮರೆಯಬೇಡಿ.