ನ್ಯಾಯ ಸಲಹೆ: ಬೈದವರ ಮೇಲೆ ಕೇಸು ನಿಲ್ಲುವುದು ಯಾವಾಗ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ನಾಟಕ ನೋಡಿದವರೊಬ್ಬರು ಫೇಸ್‌ಬುಕ್ಕಿನಲ್ಲಿ “ನಿರ್ದೇಶಕರಿಗೆ ರಂಗಭೂಮಿಯ ಗಂಧಗಾಳಿಯಿಲ್ಲ, ಪ್ರಾಯೋಜಕರ ದುಡ್ಡನ್ನೂ ನುಂಗಿದ್ದಾರೆ” ಎಂದು ಬರೆದಿದ್ದಾರೆ. ಮಾನನಷ್ಟ ಮೊಕದ್ದಮೆ ಹೂಡಬಹುದೇ?

ಉತ್ತರ: ಮೊದಲ ಮಾತಿಗೆ ಆಗದು, ಎರಡನೆಯದಕ್ಕೆ ಆದೀತು. ಜನರೆದುರು ಆಡಿದ ನಾಟಕದ ಗುಣದೋಷದ ಬಗ್ಗೆ ಸದುದ್ದೇಶದಿಂದ ಹೇಳಿದ ಅಭಿಪ್ರಾಯ ಎಷ್ಟೇ ಖಾರವಾಗಿರಲಿ, ಭಾರತೀಯ ನ್ಯಾಯ ಸಂಹಿತೆಯ ಮಾನಹಾನಿ ಕುರಿತ 356ನೇ ಕಲಮಿನಲ್ಲಿ ಅದಕ್ಕೆ ವಿನಾಯಿತಿ ಇದೆ (2024ರ ಜುಲೈ 1ಕ್ಕೆ ಮುಂಚೆ ಇದು ಐಪಿಸಿ 499 ಮತ್ತು 500). “ದುಡ್ಡು ನುಂಗಿದರು” ಎಂಬುದು ಅಭಿಪ್ರಾಯವಲ್ಲ, ಆರೋಪ. ಮಾನಹಾನಿ ಸಾಬೀತಾದರೆ ಬರೆದವರಿಗೆ ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಅಥವಾ ಎರಡೂ; ಸಮುದಾಯ ಸೇವೆಯನ್ನೂ ವಿಧಿಸಬಹುದು.

ಬರೆದವರು ಪೋಸ್ಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ, ಅವರ ಪ್ರೊಫೈಲ್ ವಿಳಾಸ ನಾಲ್ಕನ್ನೂ ತೆಗೆದಿಟ್ಟುಕೊಳ್ಳಿ. ಸ್ಕ್ರೀನ್‌ಶಾಟಿನ ಪ್ರಿಂಟ್ ಒಂದೇ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರಡಿ ಡಿಜಿಟಲ್ ದಾಖಲೆಗೆ ಕೊಡುವ ಪ್ರಮಾಣಪತ್ರ ಬೇಕು, ಬಹಳಷ್ಟು ಮಂದಿ ಎಡವುವುದು ಇಲ್ಲೇ. ಕೇಸು ಮುಗಿಯುವ ತನಕ ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಮಾರಬೇಡಿ. ಪೊಲೀಸರು ಇದಕ್ಕೆ ನೇರವಾಗಿ ಎಫ್‌ಐಆರ್ ಹಾಕಿಕೊಳ್ಳುವುದಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು ಕೊಡಬೇಕು. ಅದಕ್ಕೆ ಮೂರು ವರ್ಷದ ಗಡುವು. ಪರಿಹಾರ ಕೇಳುವ ಸಿವಿಲ್ ದಾವೆಗೆ ಮಾತ್ರ ಒಂದೇ ವರ್ಷ. ನೋಟಿಸು, ರಾಜಿ ಮಾತುಕತೆ ಅಂತ ಕೂತರೆ ಆ ವರ್ಷ ಕಳೆದೇ ಹೋಗುತ್ತದೆ. ಇದಕ್ಕೆಲ್ಲ ಮುಂಚೆ ತಂಡದ ಲೆಕ್ಕಪುಸ್ತಕ ಒಮ್ಮೆ ತೆರೆದು ನೋಡಿ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳುವುದು ಅದನ್ನೇ. ರಸೀದಿ ಇಲ್ಲದ ಖರ್ಚು ಬಹಳವಿದ್ದರೆ ಸುಮ್ಮನಿರುವುದು ಲೇಸು.

ಪ್ರಶ್ನೆ: ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಮಾತು ಹಾಕಿದರೆ ಶಿಕ್ಷೆ ಎನ್ನುತ್ತಿದ್ದ 66ಎ ರದ್ದಾಗಿದೆಯಲ್ಲ, ಪಂಚಾಯಿತಿ ಸದಸ್ಯರನ್ನು ವಾಟ್ಸಾಪ್ ಗ್ರೂಪಿನಲ್ಲಿ “ಕಳ್ಳ” ಎಂದರೆ ತಪ್ಪೇನು? ನಿಜವನ್ನೇ ಹೇಳುತ್ತಿದ್ದೇವೆ.

ಉತ್ತರ: ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2015ರ ಮಾರ್ಚ್ 24ರಂದು. ಮಾನಹಾನಿ ಕಲಮು ಹಾಗೇ ಇದೆ, 2016ರಲ್ಲಿ ಅದೇ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಗ್ರೂಪಿನಲ್ಲಿ ಹಾಕಿದ್ದೂ ಪ್ರಕಟಣೆಯೇ. ಇನ್ನು ನಿಜದ ಮಾತು: ಸಿವಿಲ್ ದಾವೆಯಲ್ಲಿ ನಿಜವೆಂದು ಸಾಬೀತಾದರೆ ಸಾಕು, ಕ್ರಿಮಿನಲ್ ಕೇಸಿನಲ್ಲಿ ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ಸಾಬೀತು ಮಾಡುವ ಹೊಣೆ ನಿಮ್ಮದು. ಮೊದಲು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕಾಮಗಾರಿಯ ಬಿಲ್ಲು, ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ದಾಖಲೆ) ಪ್ರತಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ನಾಲ್ಕು ಕಾಮಗಾರಿ ತುರುಕಿದರೆ ವಾಪಸು ಬರುತ್ತದೆ. ಉತ್ತರಕ್ಕೆ 30 ದಿನ. ಆಮೇಲೆ “ಚರಂಡಿಗೆ ಇಷ್ಟು ಬಿಲ್ಲಾಗಿದೆ, ಸ್ಥಳದಲ್ಲಿ ಚರಂಡಿ ಇಲ್ಲ” ಎಂದು ಬರೆಯಿರಿ. “ಕಳ್ಳ” ಎಂಬ ಪದ ಬೇಕಾಗುವುದೇ ಇಲ್ಲ.

ಪ್ರಶ್ನೆ: ಮೂರನೇ ತರಗತಿಯ ಮಗಳನ್ನು ಶಿಕ್ಷಕರು ದಿನವೂ ಎಲ್ಲರೆದುರು “ದಡ್ಡಿ” ಎನ್ನುತ್ತಾರೆ.

ಉತ್ತರ: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ದಿನಾಂಕ, ಆಡಿದ ಮಾತು ಬರೆದು ಮುಖ್ಯ ಶಿಕ್ಷಕರಿಗೆ ಕೊಡಿ, ಆಗದಿದ್ದರೆ ಬಿಇಒಗೆ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಪ್ರಶ್ನೆ: ಅಂತರ್ಜಾತಿ ಮದುವೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಟಿಸು ಕೊಟ್ಟಿದ್ದೇವೆ. “ಮನೆತನಕ್ಕೆ ಕಳಂಕ” ಎಂದು ಚಿಕ್ಕಪ್ಪ ಆಕ್ಷೇಪಣೆ ಸಲ್ಲಿಸಿದ್ದಾರೆ.

ಉತ್ತರ: ಅದು ನಿಲ್ಲದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆಕ್ಷೇಪಣೆಗೆ ಆಧಾರ ನಾಲ್ಕನೇ ಕಲಮಿನ ಷರತ್ತುಗಳು ಮಾತ್ರ: ಬದುಕಿರುವ ಸಂಗಾತಿ, ವಯಸ್ಸು (ಗಂಡಿಗೆ 21, ಹೆಣ್ಣಿಗೆ 18), ನಿಷೇಧಿತ ಬಂಧುತ್ವ, ಒಪ್ಪಿಗೆ ಕೊಡಲಾಗದ ಮಾನಸಿಕ ಸ್ಥಿತಿ. ಜಾತಿ ಆ ಪಟ್ಟಿಯಲ್ಲಿಲ್ಲ. ಅಧಿಕಾರಿ 30 ದಿನದೊಳಗೆ ವಿಚಾರಣೆ ಮಾಡಿ ತೀರ್ಮಾನಿಸಬೇಕು. ಬೆದರಿಕೆ ಇದ್ದರೆ ಇಷ್ಟಪಟ್ಟು ಮದುವೆಯಾಗುವ ಜೋಡಿಗೆ ರಕ್ಷಣೆ ಕೊಡಬೇಕೆಂದ ಸುಪ್ರೀಂ ಕೋರ್ಟಿನ 2018ರ ಶಕ್ತಿವಾಹಿನಿ ತೀರ್ಪನ್ನು ಉಲ್ಲೇಖಿಸಿ ಎಸ್ಪಿ ಕಚೇರಿಗೆ ರಕ್ಷಣೆ ಕೋರಿ ಅರ್ಜಿ ಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸ ನೋಟಿಸು ಬೇಕಾಗುತ್ತದೆ. ಮೂವರು ಸಾಕ್ಷಿಗಳನ್ನು ಈಗಲೇ ಗೊತ್ತುಮಾಡಿಕೊಳ್ಳಿ.