ಎಚ್-ಇಂಡೆಕ್ಸ್ 52 ಇದ್ದವರೇ ಒಳ್ಳೆಯ ಗೈಡಾ?

ಪ್ರಶ್ನೆ: ನಾನು ಸೈಕಾಲಜಿಯಲ್ಲಿ ಎಂಎಸ್ಸಿ ಮುಗಿಸಿದ್ದೇನೆ. ಮೆದುಳಿನ ಸ್ಕ್ಯಾನ್ ಬಳಸಿ ನೆನಪಿನ ಬಗ್ಗೆ ಪಿಎಚ್‌ಡಿ ಮಾಡುವ ಆಸೆ. ಇಬ್ಬರು ಸಂಶೋಧಕರನ್ನು ಆರಿಸಿಟ್ಟುಕೊಂಡಿದ್ದೇನೆ. ಸಂಶೋಧನಾ ಪೇಪರ್‌ಗಳನ್ನು ಹುಡುಕುವ ಗೂಗಲ್ ಸ್ಕಾಲರ್ ತಾಣದಲ್ಲಿ ಒಬ್ಬರ ಎಚ್-ಇಂಡೆಕ್ಸ್ 52, ಇನ್ನೊಬ್ಬರದು 19. 52 ಇರುವವರ ಹತ್ತಿರ ಹೋಗು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನನಗೆ ಎರಡನೆಯವರ ಪೇಪರ್‌ಗಳೇ ಹಿಡಿಸಿವೆ. ಏನು ಮಾಡಲಿ?

ಉತ್ತರ: ನೀವು ಪೇಪರ್ ಓದಿದ್ದೀರಲ್ಲ, ಅದೇ ದೊಡ್ಡದು. ಎಷ್ಟೋ ಜನ ಬರೀ ಸಂಖ್ಯೆ ನೋಡಿ ಅರ್ಜಿ ಹಾಕಿಬಿಡುತ್ತಾರೆ.

ಮೊದಲು ಆ ಸಂಖ್ಯೆ ಏನೆಂದು ನೋಡೋಣ. ಎಚ್-ಇಂಡೆಕ್ಸನ್ನು 2005ರಲ್ಲಿ ಸೂಚಿಸಿದವರು ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ. ಬೇರೆಯವರು ತಮ್ಮ ಪೇಪರಿನಲ್ಲಿ ಒಂದು ಪೇಪರನ್ನು ಹೆಸರಿಸಿದರೆ ಅದು ಒಂದು ಸೈಟೇಶನ್. ಒಬ್ಬರ ಎಷ್ಟು ಪೇಪರ್‌ಗಳಿಗೆ ಕನಿಷ್ಠ ಅಷ್ಟೇ ಸೈಟೇಶನ್ ಬಂದಿವೆಯೋ ಅದೇ ಎಚ್-ಇಂಡೆಕ್ಸ್. ಒಬ್ಬರ ಆರು ಪೇಪರ್‌ಗಳಿಗೆ 90, 40, 12, 5, 4, 1 ಸೈಟೇಶನ್ ಬಂದಿವೆ ಅಂದುಕೊಳ್ಳಿ. ಕನಿಷ್ಠ ನಾಲ್ಕು ಸೈಟೇಶನ್ ಇರುವ ಪೇಪರ್ ನಾಲ್ಕಕ್ಕೆ ಕಡಿಮೆ ಇಲ್ಲ, ಆದರೆ ಕನಿಷ್ಠ ಐದು ಸೈಟೇಶನ್ ಇರುವ ಐದು ಪೇಪರ್ ಇಲ್ಲ. ಹಾಗಾಗಿ ಎಚ್ 4. ಆ 90ರ ಜಾಗದಲ್ಲಿ 9,000 ಇದ್ದರೂ ಎಚ್ ನಾಲ್ಕೇ. ಇಡೀ ಕ್ಷೇತ್ರದ ದಿಕ್ಕು ಬದಲಿಸಿದ ಒಂದು ಪೇಪರಿಗೆ ಇದರಲ್ಲಿ ಬೆಲೆ ಸಿಗುವುದಿಲ್ಲ. ಇನ್ನೊಂದು ವಿಷಯ, ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮೂವತ್ತು ವರ್ಷದಿಂದ ಕೆಲಸ ಮಾಡುತ್ತಿರುವವರನ್ನು ಹತ್ತು ವರ್ಷದವರ ಜೊತೆ ತೂಗಿದರೆ ತಕ್ಕಡಿ ಎತ್ತ ವಾಲುತ್ತದೆ ಅಂತ ಮೊದಲೇ ಗೊತ್ತಲ್ವಾ? ನಿಮ್ಮ ಇಬ್ಬರೂ ಮೊದಲ ಪೇಪರ್ ಬರೆದದ್ದು ಯಾವ ವರ್ಷ, ನೋಡಿ.

ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಆ ಪೇಪರನ್ನು ಬೇರೆಯವರು ಯಾಕೆ ಹೆಸರಿಸುತ್ತಾರೆ?

ಒಂದು ಉದಾಹರಣೆ ನೋಡಿ. ಸ್ಕ್ಯಾನಿಂಗ್ ಪ್ರಯೋಗಕ್ಕೆ ಬಂದವರ ಕೈಗೆ ಎಷ್ಟೋ ಲ್ಯಾಬ್‌ಗಳು ಮೊದಲು ಒಂದು ಹಾಳೆ ಕೊಡುತ್ತವೆ. ಯಾವ ಕೈಯಲ್ಲಿ ಬರೆಯುತ್ತೀರಿ? ಯಾವ ಕೈಯಲ್ಲಿ ಎಸೆಯುತ್ತೀರಿ? ಕತ್ತರಿ, ಹಲ್ಲುಜ್ಜುವ ಬ್ರಷ್, ಚಮಚ, ಬೆಂಕಿಕಡ್ಡಿ, ಡಬ್ಬಿಯ ಮುಚ್ಚಳ, ಹೀಗೆ ಹತ್ತು ಪ್ರಶ್ನೆ. ಎಡಗೈಯವರಲ್ಲಿ ಭಾಷೆಯ ಕೆಲಸ ಮೆದುಳಿನ ಯಾವ ಬದಿಯಲ್ಲಿ ನಡೆಯುತ್ತದೆ ಎಂಬುದರಲ್ಲಿ ವ್ಯತ್ಯಾಸ ಜಾಸ್ತಿ. ಅದಕ್ಕೇ ಈ ವಿಚಾರಣೆ. ಈ ಪ್ರಶ್ನಾವಳಿ ಓಲ್ಡ್‌ಫೀಲ್ಡ್ ಎಂಬ ಮನೋವಿಜ್ಞಾನಿಯ 1971ರ ಪೇಪರಿನದು. ಬಳಸಿದವರೆಲ್ಲ ಅದನ್ನು ಹೆಸರಿಸುತ್ತಾರೆ. ಹೀಗಾಗಿ ನಮ್ಮ ಕ್ಷೇತ್ರದಲ್ಲಿ ಅತಿ ಹೆಚ್ಚು ಸೈಟೇಶನ್ ಇರುವ ಪೇಪರ್‌ಗಳಲ್ಲಿ ಅದೂ ಒಂದು. ಬಹಳ ಉಪಯುಕ್ತ ಕೆಲಸ, ನನಗೆ ಅದರ ಮೇಲೆ ಗೌರವವಿದೆ. ಆದರೆ ಹೆಸರಿಸಿದವರಲ್ಲಿ ಹೆಚ್ಚಿನವರು ಅದರ ವಿಚಾರದ ಜೊತೆ ಸೆಣಸಿದವರಲ್ಲ, ಹಾಳೆ ಬಳಸಿದವರು.

ಇದರ ಪಕ್ಕದಲ್ಲಿ ಶಸ್ತ್ರವೈದ್ಯ ಸ್ಕೊವಿಲ್ ಮತ್ತು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರ 1957ರ ಪೇಪರ್ ಇಟ್ಟು ನೋಡಿ. ಅಪಸ್ಮಾರಕ್ಕಾಗಿ 1953ರಲ್ಲಿ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಶಸ್ತ್ರಚಿಕಿತ್ಸೆಯಾದ ಎಚ್.ಎಂ. ಎಂಬ ರೋಗಿಗೆ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಹಿಪೊಕ್ಯಾಂಪಸ್ ಮತ್ತು ನೆನಪಿನ ನಂಟು ಅಷ್ಟು ಸ್ಪಷ್ಟವಾಗಿ ಕಂಡದ್ದು ಅಲ್ಲಿ. ಅದನ್ನು ಹೆಸರಿಸಿದವರು ಒಪ್ಪಿದರು, ತಿದ್ದಿದರು, ಜಗಳವಾಡಿದರು. ನೀವು ಮಾಡಬೇಕೆಂದಿರುವ ಕೆಲಸವೂ ಅದೇ ಬೇರಿನಿಂದ ಬಂದದ್ದು.

ಸೈಟೇಶನ್ ಇದೆ ಅಂದಮಾತ್ರಕ್ಕೆ ಕೆಲಸ ಗಟ್ಟಿ ಅಂತಲೂ ಅಲ್ಲ. ಅಲ್ಜೈಮರ್ಸ್ ಮತ್ತು ನೆನಪಿನ ನಷ್ಟದ ಬಗ್ಗೆ 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಪೇಪರ್ ಎರಡು ಸಾವಿರಕ್ಕೂ ಹೆಚ್ಚು ಸೈಟೇಶನ್ ಗಳಿಸಿತ್ತು. ಚಿತ್ರಗಳನ್ನು ತಿದ್ದಿದ್ದು ಹೊರಬಿದ್ದು 2024ರಲ್ಲಿ ಅದನ್ನು ಹಿಂಪಡೆದರು. ಅದನ್ನು ನಂಬಿ ಕೆಲಸ ಕಟ್ಟಿಕೊಂಡವರ ವರ್ಷಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಕೆಲಸ. ಇಬ್ಬರ ಪ್ರೊಫೈಲ್‌ನಲ್ಲೂ ಮೇಲಿನ ಐದು ಪೇಪರ್ ತೆಗೆಯಿರಿ. ಪ್ರತಿಯೊಂದರ ಸೈಟೇಶನ್ ಸಂಖ್ಯೆಯ ಮೇಲೆ ಒತ್ತಿದರೆ ಹೆಸರಿಸಿದವರ ಪಟ್ಟಿ ಬರುತ್ತದೆ. ಅದರಲ್ಲಿ ಮೂರು ಪೇಪರ್ ತೆರೆದು ನಿಮ್ಮ ಸಂಶೋಧಕರ ಹೆಸರು ಹುಡುಕಿ. ಪೀಠಿಕೆಯಲ್ಲಿ ಆರೇಳು ಹೆಸರುಗಳ ಗುಂಪಿನಲ್ಲಿ ಸುಮ್ನೆ ಬಂದಿದೆಯೇ? ವಿಧಾನದ ಭಾಗದಲ್ಲಿದೆಯೇ? ಅಥವಾ ಕೊನೆಯ ಚರ್ಚೆಯಲ್ಲಿ ‘ಇವರು ಹೀಗೆ ಕಂಡರು, ನಮಗೆ ಹಾಗೆ ಕಂಡಿತು’ ಅಂತ ಒಂದು ಪ್ಯಾರಾ ಪೂರ್ತಿ ಇದೆಯೇ? ಇಂಥ ಒಂದು ಪ್ಯಾರಾ ನನಗೆ ನೂರು ಸೈಟೇಶನ್‌ಗಿಂತ ಹೆಚ್ಚು ಹೇಳುತ್ತದೆ. ಒಂದು ಸಂಜೆ ಸಾಕು ಇದಕ್ಕೆ.

ಹಾಗೇ ಲೇಖಕರ ಹೆಸರುಗಳ ಸಾಲನ್ನೂ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಕೆಲಸ ಮಾಡಿದವರು ಮೊದಲು, ಲ್ಯಾಬ್ ನಡೆಸುವವರು ಕೊನೆಗೆ. 52 ಇರುವವರ ಹೆಸರು ಹೆಚ್ಚಾಗಿ ಮೂವತ್ತು ಜನರ ನಡುವೆ ಎಲ್ಲೋ ಇದ್ದರೆ, ಆ ಸಂಖ್ಯೆಯಲ್ಲಿ ಅವರ ಪಾಲೆಷ್ಟು ಅಂತ ಯೋಚಿಸಿ. 19 ಇರುವವರ ಪೇಪರ್‌ಗಳಲ್ಲಿ ಅವರು ಕೊನೆಗಿದ್ದು, ವಿದ್ಯಾರ್ಥಿಗಳ ಹೆಸರು ಮೊದಲು ಬರುತ್ತಿದ್ದರೆ ನಾನಾದರೆ ಅಲ್ಲಿಗೇ ಹೋಗುತ್ತೇನೆ. ಆ ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ಇವತ್ತೇ ಒಂದು ಮೇಲ್ ಹಾಕಿ. ಗೈಡ್ ವಾರಕ್ಕೆ ಎಷ್ಟು ಹೊತ್ತು ಕೂತು ಮಾತಾಡುತ್ತಾರೆ, ಕರಡು ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ, ಈ ಎರಡೇ ಪ್ರಶ್ನೆ ಕೇಳಿ.